ಮಗು ಎರಡು ಮನೆಗಳಲ್ಲಿ, ತೆರಿಗೆ ರಿಯಾಯಿತಿ ಒಂದರಲ್ಲಿ

ಅಮೆರಿಕದ ಅಧ್ಯಕ್ಷರು 2025ರ ಜುಲೈ 4ರಂದು ಸಹಿ ಹಾಕಿದ ಬೃಹತ್ ತೆರಿಗೆ ಕಾಯ್ದೆಯ ಕುರಿತು ನಮ್ಮ ಕಡೆ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಒಂದೇ ವಿಷಯದ ಸುತ್ತ ಸುತ್ತಿತು. ಅಲ್ಲಿಂದ ಊರಿಗೆ ಕಳುಹಿಸುವ ಹಣದ ಮೇಲೆ ಹೇರಲಿದ್ದ ಸುಂಕವೇ ಆ ವಿಷಯ. ಮೊದಲಿಗೆ ಶೇಕಡಾ 5 ಎಂದಿದ್ದುದು ಕೊನೆಗೆ ಶೇಕಡಾ 1ಕ್ಕೆ ಇಳಿಯಿತು. ಅದೂ ನಗದು ಮೊದಲಾದ ರೂಪಗಳಲ್ಲಿ ಕೊಟ್ಟು ಕಳುಹಿಸುವ ಹಣಕ್ಕೆ ಮಾತ್ರ ಅನ್ವಯವೆಂದು ತಿಳಿದಾಗ ಮಕ್ಕಳನ್ನು ಅಲ್ಲಿಗೆ ಕಳುಹಿಸಿದ ತಂದೆತಾಯಂದಿರು ನೆಮ್ಮದಿಯ ಉಸಿರು ಬಿಟ್ಟು ಕಾಯ್ದೆಯನ್ನು ಮರೆತರು. ಆದರೆ ಅದೇ ಕಾಯ್ದೆಯ ಇನ್ನೊಂದು ಮೂಲೆಯಲ್ಲಿ, ಚಿಕ್ಕ ಮಕ್ಕಳನ್ನು ಡೇ ಕೇರ್‌ನಲ್ಲಿ ಬಿಟ್ಟು ದುಡಿಯಲು ಹೋಗುವ ತಂದೆತಾಯಂದಿರಿಗೆ ದೊರೆಯುವ ತೆರಿಗೆ ಕ್ರೆಡಿಟ್ಟನ್ನು 2026ನೆಯ ವರ್ಷದಿಂದ ಹೆಚ್ಚಿಸಲಾಗಿದೆ. ಅದು ಒಳ್ಳೆಯ ಸುದ್ದಿ. ಆದರೆ ಬೇರೆಬೇರೆಯಾಗಿ ಬಾಳುತ್ತ ಮಗುವಿನ ಪಾಲನೆಯನ್ನು ಹಂಚಿಕೊಂಡಿರುವ ದಂಪತಿಗಳ ಮಟ್ಟಿಗೆ ಆ ಹೆಚ್ಚಳ ಕೈಗೆ ಬರುವುದೋ ಬಾರದೋ ಎಂಬುದನ್ನು ನಿರ್ಧರಿಸುವ ನಿಯಮಗಳು ಎಷ್ಟು ಮಾತ್ರವೂ ಬದಲಾಗಿಲ್ಲ. ಇಂದಿನ ವಿಚಾರ ಅದರ ಕುರಿತಾದುದು.

ಪ್ರತ್ಯೇಕವಾಸ, ವಿಚ್ಛೇದನ ಮುಂತಾದ ಮಾತುಗಳು ಕಥೊಲಿಕ ಕುಟುಂಬಗಳಿಗಾಗಿ ಇರುವ ಈ ಅಂಕಣದಲ್ಲೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಅಂಥ ಕುಟುಂಬಗಳು ನಮ್ಮಲ್ಲಿಲ್ಲ ಎಂದು ನಟಿಸುವ ಕಾಲ ಎಂದೋ ಕಳೆಯಿತು. ಪರದೇಶದಲ್ಲಿ ದಾದಿಯರಾಗಿ, ಕಂಪ್ಯೂಟರ್ ತಂತ್ರಜ್ಞರಾಗಿ ದುಡಿಯುವ ನಮ್ಮವರಲ್ಲಿ ಕೆಲವರ ಸಂಸಾರ ಎರಡಾಗಿದೆ. ಆ ಬಿರುಕಿನ ಸದ್ದು ರಾತ್ರಿ ಹೊತ್ತಿನ ದೂರವಾಣಿ ಕರೆಯಾಗಿ ಇಲ್ಲಿಯ ಅಜ್ಜ-ಅಜ್ಜಿಯರ ಮನೆಗೂ ತಲುಪುತ್ತದೆ. ವಿವಾಹದ ಸಿಂಧುತ್ವ, ಸಂಧಾನದ ಸಾಧ್ಯತೆ ಮೊದಲಾದ ಪ್ರಶ್ನೆಗಳಿಗೆ ಬೇರೆ ವೇದಿಕೆಗಳಿವೆ. ಅವೆಲ್ಲ ಇತ್ಯರ್ಥವಾಗುವವರೆಗೂ ಸೋಮವಾರ ಬೆಳಗ್ಗೆ ಎಂಟಕ್ಕೆ ಮಗುವನ್ನು ಡೇ ಕೇರ್‌ಗೆ ಬಿಡಲೇಬೇಕು, ತಿಂಗಳ ಕೊನೆಗೆ ಅದರ ಶುಲ್ಕ ಕಟ್ಟಲೇಬೇಕು. ನಾನು ಮಾತನಾಡುತ್ತಿರುವುದು ಆ ಶುಲ್ಕದ ಬಗ್ಗೆ.

ಮೊದಲಿಗೆ, ತೆರಿಗೆ ಕ್ರೆಡಿಟ್ ಎಂದರೇನು? ನಮ್ಮ ದೇಶದ ಆದಾಯ ತೆರಿಗೆಯಲ್ಲಿ ನಾವು ಹೆಚ್ಚಾಗಿ ಬಲ್ಲುದು ಕಡಿತವನ್ನು. ಅಂದರೆ ಇಂತಿಷ್ಟು ಹಣವನ್ನು ಆದಾಯದಿಂದ ಕಳೆದು, ಉಳಿದುದಕ್ಕೆ ತೆರಿಗೆ ಹಾಕುವ ಕ್ರಮ. ಕ್ರೆಡಿಟ್ ಹಾಗಲ್ಲ, ಅದು ಕಟ್ಟಬೇಕಾದ ತೆರಿಗೆಯಿಂದಲೇ ನೇರವಾಗಿ ವಜಾ ಆಗುವ ಮೊತ್ತ. ಅಮೆರಿಕದಲ್ಲಿ ಶಿಶುಪಾಲನೆಯ ವೆಚ್ಚಕ್ಕೆ 1954ರ ತೆರಿಗೆ ಸಂಹಿತೆ ಕಡಿತವನ್ನು ಕೊಟ್ಟಿತ್ತು. 1976ರಲ್ಲಿ ಅದನ್ನು ಕ್ರೆಡಿಟ್ಟಾಗಿ ಮಾರ್ಪಡಿಸಲಾಯಿತು. ಇದರ ಹಿಂದಿನ ತರ್ಕ ಸರಳ: ದುಡಿಯುವುದಕ್ಕಾಗಿ ಮಗುವನ್ನು ಬೇರೆಯವರ ವಶಕ್ಕೆ ಕೊಡಬೇಕಾಗಿ ಬಂದರೆ, ಆ ವೆಚ್ಚ ದುಡಿಮೆಯದೇ ವೆಚ್ಚ. ಆದ್ದರಿಂದ ತಂದೆಯೋ ತಾಯಿಯೋ ಕೆಲಸದಲ್ಲಿರಬೇಕು ಅಥವಾ ಕೆಲಸ ಹುಡುಕುತ್ತಿರಬೇಕು. ಮಗು 13 ವರ್ಷಕ್ಕಿಂತ ಕಿರಿಯದಾಗಿರಬೇಕು. ಹಣ ಪಡೆದ ಸಂಸ್ಥೆಯ ಅಥವಾ ವ್ಯಕ್ತಿಯ ಹೆಸರು, ವಿಳಾಸ, ತೆರಿಗೆ ಗುರುತಿನ ಸಂಖ್ಯೆಗಳನ್ನು ಫಾರ್ಮ್ 2441ರಲ್ಲಿ ತುಂಬಬೇಕು. ಒಂದು ಮಗುವಾದರೆ ವರ್ಷಕ್ಕೆ 3,000 ಡಾಲರ್, ಎರಡು ಅಥವಾ ಹೆಚ್ಚು ಮಕ್ಕಳಾದರೆ 6,000 ಡಾಲರ್‌ವರೆಗಿನ ವೆಚ್ಚವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಕೋವಿಡ್ ಕಾಲದಲ್ಲಿ, 2021ರ ಒಂದು ವರ್ಷಕ್ಕೆ ಮಾತ್ರ, ಈ ಮಿತಿಯನ್ನು 8,000 ಮತ್ತು 16,000ಕ್ಕೆ ಏರಿಸಿ ಮತ್ತೆ ಇಳಿಸಿದರು.

ಹೊಸ ಕಾಯ್ದೆ ಈ ಮಿತಿಯನ್ನು ಮುಟ್ಟಲಿಲ್ಲ, ಶೇಕಡಾವಾರು ಪ್ರಮಾಣವನ್ನು ಮಾತ್ರ ಏರಿಸಿತು. ಈ ಹಿಂದೆ ವಾರ್ಷಿಕ ಆದಾಯ 43,000 ಡಾಲರ್ ದಾಟಿದವರಿಗೆಲ್ಲ ವೆಚ್ಚದ ಶೇಕಡಾ 20 ಮಾತ್ರ ದೊರೆಯುತ್ತಿತ್ತು. 2026ರಿಂದ ಅತಿ ಕಡಿಮೆ ಆದಾಯದವರಿಗೆ ಶೇಕಡಾ 50. ಅದು ಇಳಿಯುತ್ತ ಬಂದು ಶೇಕಡಾ 35ರಲ್ಲಿ ನಿಲ್ಲುತ್ತದೆ. ಒಬ್ಬಂಟಿಯಾಗಿ ರಿಟರ್ನ್ ಸಲ್ಲಿಸುವವರ ಆದಾಯ 75,000 ಡಾಲರ್ ದಾಟಿದ ಮೇಲೆ ಪುನಃ ಮೆಟ್ಟಿಲುಮೆಟ್ಟಿಲಾಗಿ ಶೇಕಡಾ 20ಕ್ಕೆ ಇಳಿಯುತ್ತದೆ. ಉದಾಹರಣೆಗೆ 70,000 ಡಾಲರ್ ಆದಾಯದ ಒಬ್ಬ ತಾಯಿಯನ್ನೂ 1,20,000 ಡಾಲರ್ ಆದಾಯದ ಒಬ್ಬ ತಂದೆಯನ್ನೂ ಕಲ್ಪಿಸಿಕೊಳ್ಳೋಣ. ಅವರು ಬೇರೆಯಾಗಿದ್ದಾರೆ, ಮಗು ಒಂದೇ. ಆ ತಾಯಿಗೆ ಹಳೆಯ ಲೆಕ್ಕದಲ್ಲಿ 600 ಡಾಲರ್ ದೊರೆಯುತ್ತಿದ್ದಲ್ಲಿ ಈಗ 1,050 ಡಾಲರ್ ದೊರೆಯುತ್ತದೆ. ತಂದೆಯ ಪಾಲಿಗೆ ಬಂದರೆ ಅಂದೂ ಇಂದೂ 600 ಡಾಲರ್. ಒಂದು ಎಚ್ಚರಿಕೆ: ಇದು ತೆರಿಗೆಯಿಂದ ವಜಾ ಆಗುವುದೇ ಹೊರತು, ತೆರಿಗೆಯೇ ಇಲ್ಲದವರ ಕೈಗೆ ನಗದಾಗಿ ಬರುವುದಲ್ಲ. ಶೇಕಡಾ 50ರ ಆಶ್ವಾಸನೆ ಕಿವಿಗೆ ಇಂಪಾಗಿದೆ. ಆದರೆ ಅಷ್ಟು ಕಡಿಮೆ ಆದಾಯದವರಿಗೆ ವಜಾ ಮಾಡಿಸಿಕೊಳ್ಳುವಷ್ಟು ತೆರಿಗೆಯೇ ಇರುವುದಿಲ್ಲ.

ಈ ಲೆಕ್ಕದಲ್ಲಿ ನಮ್ಮ ಅಜ್ಜಿಯಂದಿರಿಗೆ ಸ್ಥಾನವಿಲ್ಲ ಎಂಬುದನ್ನೂ ಹೇಳಬೇಕು. ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಹೋಗಿ ಮೊಮ್ಮಗುವಿಗೆ ಗಂಜಿ ಉಣಿಸಿ, ನಿದ್ರೆ ಮಾಡಿಸಿ ಬರುವ ಅಜ್ಜಿಯ ಸೇವೆಗೆ ರಶೀದಿ ಇಲ್ಲ. ಆ ವೀಸಾದವರಿಗೆ ಸಂಬಳ ಕೊಡುವಂತೆಯೂ ಇಲ್ಲ. ಸಂಸಾರ ಒಡೆದ ಬಳಿಕ ಆಕೆ ಎರಡು ಮನೆಗಳಲ್ಲಿ ಯಾವುದಕ್ಕೆ ಹೋಗಬೇಕೆಂಬುದೇ ಒಂದು ವ್ಯಾಜ್ಯವಾಗುವುದರಿಂದ ಡೇ ಕೇರ್‌ನ ವೆಚ್ಚ ಇನ್ನಷ್ಟು ಅನಿವಾರ್ಯವಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆ. ತಂದೆತಾಯಿ ಬೇರೆಯಾಗಿ, ಮಗು ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ ಎಂದು ಇರುವಾಗ ಈ ಕ್ರೆಡಿಟ್ ಯಾರಿಗೆ ಸಲ್ಲಬೇಕು? ಕಾನೂನಿನ ಉತ್ತರ ಆಶ್ಚರ್ಯಕರವಾದಷ್ಟು ಸ್ಪಷ್ಟವಾಗಿದೆ: ಆ ವರ್ಷ ಮಗು ಯಾರ ಬಳಿ ಹೆಚ್ಚು ರಾತ್ರಿಗಳನ್ನು ಕಳೆಯಿತೋ ಅವರಿಗೆ, ಮತ್ತು ಅವರಿಗೆ ಮಾತ್ರ. ಕಾನೂನಿನ ಭಾಷೆಯಲ್ಲಿ ಅವರೇ ಸುಪರ್ದಿದಾರರು. ಯಾರ ಪ್ರೀತಿ ಹೆಚ್ಚು, ಯಾರ ಖರ್ಚು ಹೆಚ್ಚು, ನ್ಯಾಯಾಲಯದ ಆದೇಶದಲ್ಲಿ ಯಾರ ಹೆಸರಿನ ಮುಂದೆ ಏನು ಬರೆದಿದೆ ಎಂಬುದೊಂದೂ ಇಲ್ಲಿ ಬಾರದು. ರಾತ್ರಿಗಳ ಎಣಿಕೆ ಮಾತ್ರ. ಮಗು ಗೆಳೆಯನ ಮನೆಯಲ್ಲಿ ಮಲಗಿದ್ದರೆ, ಆ ರಾತ್ರಿ ಅದು ಯಾರ ಬಳಿ ಇರಬೇಕಿತ್ತೋ ಅವರ ಖಾತೆಗೆ ಆ ರಾತ್ರಿ ಸೇರುತ್ತದೆ.

ನ್ಯಾಯಾಲಯಗಳು ಸಮಸಮವಾದ ಪಾಲನೆ ಎಂದು ಬರೆಯುತ್ತವೆ. ಆದರೆ 365 ಬೆಸ ಸಂಖ್ಯೆ. ಅದನ್ನು ಇಬ್ಬರಿಗೆ ಸಮನಾಗಿ ಹಂಚಲು ಯಾವ ನ್ಯಾಯಾಧೀಶರಿಂದಲೂ ಸಾಧ್ಯವಿಲ್ಲ. ವಾರ ಬಿಟ್ಟು ವಾರದ ಏರ್ಪಾಟಿನಲ್ಲಿ 26 ವಾರ ಒಬ್ಬರಿಗೆ, 26 ವಾರ ಇನ್ನೊಬ್ಬರಿಗೆ ಎಂದು ಜನವರಿ 1ರಿಂದ ಎಣಿಸಿದರೆ ಇಬ್ಬರಿಗೂ 182 ರಾತ್ರಿಗಳಾಗಿ, ಒಂದು ರಾತ್ರಿ ಮಿಗುತ್ತದೆ. ಅದು ಡಿಸೆಂಬರ್ 31ರ ರಾತ್ರಿ. ಎರಡು ವರ್ಷಗಳ ನಡುವೆ ಚಾಚಿದ ಆ ರಾತ್ರಿಯನ್ನು, ಅದು ಆರಂಭವಾದ ವರ್ಷಕ್ಕೇ ಸೇರಿಸಬೇಕೆಂದು ನಿಯಮಾವಳಿ ಹೇಳುತ್ತದೆ. ಹಾಗಾಗಿ ಹೊಸ ವರ್ಷದ ಮುನ್ನಾರಾತ್ರಿ ಮಗು ಯಾವ ಮನೆಯಲ್ಲಿ ನಿದ್ರಿಸಿತು ಎಂಬುದರ ಮೇಲೆ ಇಡೀ ವರ್ಷದ ಕ್ರೆಡಿಟ್ ನಿಂತಿರಲು ಸಾಧ್ಯ. ಅಧಿಕ ವರ್ಷದಲ್ಲಿ, ಅಂದರೆ 2024ರಲ್ಲಿ ಆದಂತೆ ಮತ್ತು 2028ರಲ್ಲಿ ಆಗಲಿರುವಂತೆ, 183ಕ್ಕೆ 183 ಸಮನಾಗಿ ಬರಬಹುದು. ಆಗ ಯಾರ ಆದಾಯ ಹೆಚ್ಚೋ ಅವರೇ ಸುಪರ್ದಿದಾರರು. ನಮ್ಮ ಕಲ್ಪಿತ ಕುಟುಂಬದಲ್ಲಿ ಅದು ತಂದೆ. ಅದೇ ಮಗು, ಅದೇ ಡೇ ಕೇರ್, ಅದೇ ವೆಚ್ಚ. ಒಂದು ರಾತ್ರಿಯ ವ್ಯತ್ಯಾಸದಿಂದ 1,050 ಡಾಲರ್ 600ಕ್ಕೆ ಇಳಿಯುತ್ತದೆ. ಬಡವರಾದವರಿಗೆ ಹೆಚ್ಚು ಸಲ್ಲಬೇಕೆಂದು ಶೇಕಡಾವಾರು ನಿಗದಿ ಮಾಡಿದ ಅದೇ ಸರಕಾರ, ಸಮಬಲವಾದಾಗ ಸಿರಿವಂತರಾದವರಿಗೆ ಕೊಡುವುದನ್ನು ಯಾವ ತತ್ತ್ವದಿಂದ ಸಮರ್ಥಿಸುವುದೋ ನನಗೆ ಅರ್ಥವಾಗಲಿಲ್ಲ.

ನಿಯಮ ಮಾಡಿದವರು ಒಂದು ಸಂದರ್ಭದಲ್ಲಿ ಮಾತ್ರ ಮನುಷ್ಯರ ಬದುಕನ್ನು ಹತ್ತಿರದಿಂದ ನೋಡಿದ್ದಾರೆ. ರಾತ್ರಿ ಪಾಳಿಯಲ್ಲಿ ದುಡಿಯುವ ತಾಯಿ ಅಥವಾ ತಂದೆಯ ಬಳಿ ಮಗು ಹೆಚ್ಚು ಹಗಲುಗಳನ್ನು ಕಳೆದು, ಪಾಳಿಯ ಕಾರಣದಿಂದಲೇ ರಾತ್ರಿಗಳು ಕಡಿಮೆಯಾದರೆ, ಆಗ ಹಗಲುಗಳನ್ನೇ ಎಣಿಸಬೇಕು. ಶಾಲಾ ದಿನಗಳಲ್ಲಿ ಶಾಲೆಯ ದಾಖಲೆಯಲ್ಲಿರುವ ಮುಖ್ಯ ಮನೆಯಲ್ಲೇ ಮಗು ಇತ್ತೆಂದು ಭಾವಿಸಬೇಕು. ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ದಾದಿಯರಲ್ಲಿ ಎಷ್ಟು ಮಂದಿಗೆ ಈ ನಿಯಮ ತಿಳಿದಿದೆ? ರಾತ್ರಿಗಳ ಲೆಕ್ಕದಲ್ಲಿ ಸೋತೆನೆಂದು ಸುಮ್ಮನಾಗುವ ಮುನ್ನ ಶಾಲೆಯ ದಾಖಲೆಯಲ್ಲಿ ಯಾವ ವಿಳಾಸವಿದೆ ಎಂದು ಅವರು ನೋಡಿಕೊಳ್ಳಬೇಕು.

ಗೊಂದಲಕ್ಕೆ ಇನ್ನೊಂದು ಕಾರಣ, ಮಕ್ಕಳ ಹೆಸರಿನಲ್ಲಿ ಎರಡು ಬೇರೆ ಬೇರೆ ಕ್ರೆಡಿಟ್‌ಗಳಿರುವುದು. ಒಂದು, ಮಗು ಇದೆ ಎಂಬ ಕಾರಣಕ್ಕೇ ದೊರೆಯುವ ಮಕ್ಕಳ ತೆರಿಗೆ ಕ್ರೆಡಿಟ್. 17 ವರ್ಷದೊಳಗಿನ ಮಗುವಿಗೆ 2025ರಿಂದ 2,200 ಡಾಲರ್. ಇನ್ನೊಂದು, ನಾವು ಈವರೆಗೆ ಚರ್ಚಿಸಿದ ಶಿಶುಪಾಲನಾ ಕ್ರೆಡಿಟ್. ಮೊದಲನೆಯದನ್ನು ಸುಪರ್ದಿದಾರರು ಫಾರ್ಮ್ 8332ಕ್ಕೆ ಸಹಿ ಹಾಕಿ ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಎರಡನೆಯದನ್ನು ಬಿಟ್ಟುಕೊಡುವಂತಿಲ್ಲ, ಯಾವ ಫಾರ್ಮೂ, ಯಾವ ಒಪ್ಪಂದವೂ ಅದನ್ನು ವರ್ಗಾಯಿಸದು. ವಿಚ್ಛೇದನದ ಒಪ್ಪಂದಗಳಲ್ಲಿ ಬೆಸ ವರ್ಷಗಳಲ್ಲಿ ತಂದೆ, ಸಮ ವರ್ಷಗಳಲ್ಲಿ ತಾಯಿ ಮಗುವಿನ ಮೇಲಿನ ತೆರಿಗೆ ಲಾಭ ಪಡೆಯತಕ್ಕದ್ದು ಎಂಬಂಥ ವಾಕ್ಯವನ್ನು ವಕೀಲರು ಸೇರಿಸುವುದುಂಟು. ಆ ವಾಕ್ಯ ಮೊದಲ ಕ್ರೆಡಿಟ್ಟಿಗೆ ಮಾತ್ರ ನಡೆದೀತು; ಅದೂ ಫಾರ್ಮ್ 8332 ಜೊತೆಗಿದ್ದರೆ ಮಾತ್ರ. 2008ರ ಬಳಿಕದ ವಿಚ್ಛೇದನಗಳಲ್ಲಿ ತೀರ್ಪಿನ ಪುಟಗಳನ್ನು ಲಗತ್ತಿಸಿದರೆ ಸಾಲದು. ರಾಜ್ಯದ ನ್ಯಾಯಾಲಯದ ಆದೇಶ ಗಂಡಹೆಂಡಿರನ್ನು ಕಟ್ಟಿಹಾಕುತ್ತದೆಯೇ ಹೊರತು ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ ಅನ್ನು ಕಟ್ಟಿಹಾಕದು. ಆದೇಶವನ್ನು ನಂಬಿ ಇಬ್ಬರೂ ಒಂದೇ ಮಗುವಿನ ಸಂಖ್ಯೆಯನ್ನು ತುಂಬಿದರೆ ಇಬ್ಬರಿಗೂ ಪತ್ರ ಬರುತ್ತದೆ, ವಿಚಾರಣೆಯೂ ಬಂದೀತು.

ವೀಸಾದ ಮೇಲೆ ಇರುವವರಿಗೆ ಒಂದು ವಿಶೇಷ ಮಾತು. ಭಾರತದಲ್ಲಿ ಹುಟ್ಟಿ, ತಂದೆ ಅಥವಾ ತಾಯಿಯ ಉದ್ಯೋಗ ವೀಸಾದ ಆಶ್ರಯದಲ್ಲಿ ಅಲ್ಲಿರುವ ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲ. ಆದ್ದರಿಂದ 2,200 ಡಾಲರ್‌ನ ಕ್ರೆಡಿಟ್ ಆ ಮಗುವಿಗಿಲ್ಲ. ಶಿಶುಪಾಲನಾ ಕ್ರೆಡಿಟ್ಟಿಗಾದರೋ ತೆರಿಗೆ ಇಲಾಖೆ ಕೊಡುವ ಬದಲಿ ಗುರುತಿನ ಸಂಖ್ಯೆ ಸಾಕು. ಒಂದಿಲ್ಲವೆಂದು ಎರಡನ್ನೂ ಕೈಬಿಡಬೇಕಾಗಿಲ್ಲ.

ಹಾಗೆಯೇ ನಮ್ಮವರಲ್ಲಿ ಹಲವರು ವಿಚ್ಛೇದನಕ್ಕೆ ಹೋಗದೆ ವರ್ಷಗಟ್ಟಲೆ ಸುಮ್ಮನೆ ಬೇರೆ ಇರುತ್ತಾರೆ. ವಿವಾಹಿತರು ಪ್ರತ್ಯೇಕ ರಿಟರ್ನ್ ಸಲ್ಲಿಸಿದರೆ ಸಾಮಾನ್ಯವಾಗಿ ಈ ಕ್ರೆಡಿಟ್ ಇಲ್ಲ. ಆದರೆ ವರ್ಷದ ಕೊನೆಯ ಆರು ತಿಂಗಳು ಪೂರ್ತಿ ಗಂಡಹೆಂಡಿರು ಒಂದೇ ಸೂರಿನಡಿ ಇರದೆ, ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಗು ತಮ್ಮ ಮನೆಯಲ್ಲೇ ಇದ್ದು, ಆ ಮನೆಯ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾವೇ ಭರಿಸಿದ್ದರೆ ಅವರನ್ನು ಕಾನೂನು ಈ ಮಟ್ಟಿಗೆ ಅವಿವಾಹಿತರೆಂದೇ ಎಣಿಸುತ್ತದೆ. ಜೂನ್ ಕೊನೆಗೆ ಬೇರೆಯಾದವರಿಗೂ ಆಗಸ್ಟಿನಲ್ಲಿ ಬೇರೆಯಾದವರಿಗೂ ಆ ವರ್ಷದ ಫಲ ಒಂದೇ ಆಗಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನನ್ನು ಬಹುವಾಗಿ ಚಿಂತೆಗೀಡು ಮಾಡಿದ ಅಂಶಕ್ಕೆ ಬರುತ್ತೇನೆ. ಸುಪರ್ದಿದಾರರು ತಾವು ಕಟ್ಟಿದ ಶುಲ್ಕಕ್ಕೆ ಮಾತ್ರ ಕ್ರೆಡಿಟ್ ಕೇಳಬಹುದು. ಸುಪರ್ದಿ ಇಲ್ಲದವರು ತಾವು ಎಷ್ಟೇ ಶುಲ್ಕ ಕಟ್ಟಿದ್ದರೂ ಏನೂ ಕೇಳುವಂತಿಲ್ಲ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನಮ್ಮ ಉದಾಹರಣೆಯ ಮಗು ತಾಯಿಯ ಬಳಿ 183 ರಾತ್ರಿ, ತಂದೆಯ ಬಳಿ 182 ರಾತ್ರಿ ಇದೆ. ಹೆಚ್ಚು ಸಂಪಾದನೆಯವನಾದ ತಂದೆ ತನ್ನ ಕರ್ತವ್ಯವೆಂದು ತಿಳಿದು ಡೇ ಕೇರ್‌ನ ಬಿಲ್ಲನ್ನು ತಾನೇ ನೇರವಾಗಿ ಕಟ್ಟುತ್ತಾನೆ. ಆತನಿಗೆ ಕ್ರೆಡಿಟ್ ಇಲ್ಲ, ಏಕೆಂದರೆ ರಾತ್ರಿಗಳು ಕಡಿಮೆ. ತಾಯಿಗೂ ಇಲ್ಲ, ಏಕೆಂದರೆ ಆಕೆ ಕಟ್ಟಿಲ್ಲ. 1,050 ಡಾಲರ್ ಇಬ್ಬರ ನಡುವಿನ ಸಂದಿಯಲ್ಲಿ ಬಿದ್ದು ಸರಕಾರದ ಬೊಕ್ಕಸದಲ್ಲೇ ಉಳಿಯುತ್ತದೆ. ಯಾರೂ ಮೋಸ ಮಾಡಿಲ್ಲ, ಯಾರೂ ಜಿಪುಣತನ ತೋರಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಮಗುವಿನ ಹಣವನ್ನು ಇಲ್ಲವಾಗಿಸಿತು. ಆತ ತನ್ನ ಕಂಪೆನಿಯ ಶಿಶುಪಾಲನಾ ಖಾತೆಯಿಂದ, ಅಂದರೆ ತೆರಿಗೆಗೆ ಮುನ್ನ ಸಂಬಳದಿಂದ ಹಣ ಎತ್ತಿಡುವ ಆ ಖಾತೆಯಿಂದ ಕಟ್ಟಿದರೆ ಇನ್ನೂ ತೊಂದರೆ. ಅದರ ಮಿತಿಯನ್ನು 2026ರಿಂದ 5,000ದಿಂದ 7,500 ಡಾಲರ್‌ಗೆ ಏರಿಸಿದ್ದಾರೆ; ಆದರೆ ಅದರ ತೆರಿಗೆ ಲಾಭವೂ ಸುಪರ್ದಿದಾರರಿಗೇ ಮೀಸಲು. ಸುಪರ್ದಿ ಇಲ್ಲದ ತಂದೆ ಅದರಿಂದ ಕಟ್ಟಿದ ಹಣ ಮತ್ತೆ ತೆರಿಗೆಗೆ ಒಳಪಡುತ್ತದೆ.

ಪರಿಹಾರ ಕಷ್ಟದ್ದಲ್ಲ. ತಂದೆ ಆ ಹಣವನ್ನು ಮಗುವಿನ ಜೀವನಾಂಶದ ಭಾಗವಾಗಿ ತಾಯಿಗೆ ಕೊಟ್ಟು, ತಾಯಿ ತನ್ನ ಖಾತೆಯಿಂದ ಡೇ ಕೇರ್‌ಗೆ ಕಟ್ಟಿದರೆ, ಕಟ್ಟಿದವಳು ಆಕೆಯೇ ಆಗುತ್ತಾಳೆ. ಮಗುವಿನ ಜೀವನಾಂಶ ಕೊಟ್ಟವನಿಗೆ ಕಡಿತವಲ್ಲ, ಪಡೆದವಳಿಗೆ ಆದಾಯವೂ ಅಲ್ಲ. ದೊರೆತ ಕ್ರೆಡಿಟ್ಟನ್ನು ಇಬ್ಬರೂ ಹೇಗೆ ಹಂಚಿಕೊಳ್ಳಬೇಕೆಂದು ಒಂದು ಸಾಲು ಬರೆದುಕೊಳ್ಳಬಹುದು. ಕಷ್ಟವಿರುವುದು ಇನ್ನೊಂದು ಕಡೆ. ಇದಕ್ಕೆ ಒಬ್ಬರು ಇನ್ನೊಬ್ಬರ ಕೈಗೆ ಹಣ ಕೊಡಬೇಕು. ಕೊಟ್ಟ ಹಣ ಡೇ ಕೇರ್‌ಗೇ ಹೋಯಿತೆಂದು ನಂಬಬೇಕು. ಮುರಿದ ಸಂಸಾರದಲ್ಲಿ ಮೊದಲು ಮುರಿಯುವುದು ಆ ನಂಬಿಕೆಯೇ. "ಆಕೆಯ ಕೈಗೆ ಒಂದು ಕಾಸನ್ನೂ ಕೊಡೆನು, ಬೇಕಾದರೆ ಬಿಲ್ಲನ್ನು ನೇರವಾಗಿ ಕಟ್ಟುವೆನು" ಎಂಬ ಮಾತನ್ನು ಕೇಳಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಊರಿನಿಂದ ಅಣ್ಣಂದಿರೂ ಅತ್ತಿಗೆಯರೂ ಅದಕ್ಕೆ ಹೌದೆಂದು ತಲೆದೂಗುತ್ತಾರೆ. ಆ ಛಲದ ಬೆಲೆ ಈ ಉದಾಹರಣೆಯಲ್ಲಿ ವರ್ಷಕ್ಕೆ 1,050 ಡಾಲರ್. ಎರಡು ಮಕ್ಕಳಿದ್ದರೆ 2,100 ಡಾಲರ್. ಅದನ್ನು ತೆರುವುದು ಛಲ ಹಿಡಿದವರಲ್ಲ.

ರಾಜ್ಯವು ಒಂದೇ ಹೆಸರನ್ನು ಏಕೆ ಕೇಳುತ್ತದೆ ಎಂಬುದಕ್ಕೆ ಕಾರಣವಿಲ್ಲದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2012ರ ಮೇ ತಿಂಗಳಲ್ಲಿ ಇಂಥದೇ ಒಂದು ಪ್ರಕರಣವನ್ನು ತೀರ್ಮಾನಿಸಿತು. ವಾರದಲ್ಲಿ ಮೂರು ದಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಬಡ ತಂದೆಯೊಬ್ಬರು, ಮಕ್ಕಳ ತೆರಿಗೆ ಕ್ರೆಡಿಟ್ ಪೂರ್ತಿಯಾಗಿ ತಾಯಿಗೇ ಹೋಗುವುದು ತಂದೆಯರ ವಿರುದ್ಧದ ತಾರತಮ್ಯವೆಂದು ವಾದಿಸಿದರು. ಪ್ರಧಾನ ತೀರ್ಪು ಬರೆದ ಲೇಡಿ ಹೇಲ್ ಅವರು, ಈ ನಿಯಮದ ಪೆಟ್ಟು ತಂದೆಯರ ಮೇಲೆಯೇ ಹೆಚ್ಚಾಗಿ ಬೀಳುವುದನ್ನು ಅಲ್ಲಗಳೆಯಲಿಲ್ಲ. ಆದರೂ, ಮಕ್ಕಳ ಬಡತನವನ್ನು ನೀಗಿಸಲು ಹೊರಟ ಸರಕಾರವು ಹಣವನ್ನು ಎರಡು ಮನೆಗಳಲ್ಲಿ ತೆಳುವಾಗಿ ಹರಡುವ ಬದಲು ಮುಖ್ಯವಾದ ಒಂದು ಮನೆಗೆ ಕೊಡುವುದು ಸಮರ್ಥನೀಯವೆಂದು ನ್ಯಾಯಾಲಯ ಹೇಳಿತು, ತಂದೆ ಸೋತರು. ಆ ಕ್ರೆಡಿಟ್ ವ್ಯವಸ್ಥೆ 2025ರ ಏಪ್ರಿಲ್‌ನಲ್ಲಿ ಕೊನೆಗೊಂಡಿದೆ. ಅದರ ಸ್ಥಾನಕ್ಕೆ ಬಂದ ಯೂನಿವರ್ಸಲ್ ಕ್ರೆಡಿಟ್ ಸಹ ಒಂದು ಮಗುವಿಗೆ ಒಬ್ಬರೇ ಮುಖ್ಯ ಹೊಣೆಗಾರರು ಎನ್ನುತ್ತದೆ. ಡೇ ಕೇರ್‌ಗೆ ಪೋಷಕರು ಹಾಕುವ ಪ್ರತಿ 8 ಪೌಂಡಿಗೆ ಸರಕಾರ 2 ಪೌಂಡ್ ಸೇರಿಸುವ ಯೋಜನೆಯಲ್ಲಿಯೂ, ಬೇರೆಯಾದವರು ತಮ್ಮಲ್ಲಿ ಯಾರು ಅರ್ಜಿ ಹಾಕುವರೆಂದು ನಿರ್ಧರಿಸಿಕೊಳ್ಳಬೇಕು. ಒಮ್ಮತವಾಗದಿದ್ದರೆ ಇಲಾಖೆ ತೀರ್ಮಾನಿಸುತ್ತದೆ.

ಕೆನಡಾ ಬೇರೆ ದಾರಿ ಹಿಡಿದಿದೆ. ಅಲ್ಲಿ ಜಂಟಿ ಸುಪರ್ದಿಯ ಪೋಷಕರಿಗೆ ಮಕ್ಕಳ ಭತ್ಯೆಯನ್ನು ಮೊದಲು ಆರು ತಿಂಗಳು ಒಬ್ಬರಿಗೆ, ಆರು ತಿಂಗಳು ಇನ್ನೊಬ್ಬರಿಗೆ ಕೊಡುತ್ತಿದ್ದರು. 2011ರ ಜುಲೈಯಿಂದ, ಮಗು ಇಬ್ಬರ ಬಳಿಯೂ ಶೇಕಡಾ 40ರಿಂದ 60ರಷ್ಟು ಕಾಲ ಇದ್ದರೆ, ಪ್ರತಿಯೊಬ್ಬರಿಗೂ ಅವರವರ ಆದಾಯಕ್ಕೆ ತಕ್ಕಂತೆ ಲೆಕ್ಕ ಹಾಕಿ ಅದರ ಅರ್ಧವನ್ನು ತಿಂಗಳುತಿಂಗಳು ಕೊಡುತ್ತಾರೆ. ಶಿಶುಪಾಲನೆಯ ವೆಚ್ಚ ಅಲ್ಲಿ ಕ್ರೆಡಿಟ್ ಅಲ್ಲ, ಕಡಿತ. ಮಗು ತನ್ನ ಬಳಿ ಇದ್ದ ಅವಧಿಗೆ ತಾನು ಕಟ್ಟಿದ್ದನ್ನು ಪ್ರತಿಯೊಬ್ಬ ಪೋಷಕರೂ ಪ್ರತ್ಯೇಕವಾಗಿ ಕೇಳಬಹುದು. ಶೇಕಡಾ 40ರ ಗಡಿಯಲ್ಲಿ ಅಲ್ಲಿಯೂ ದಿನ ಎಣಿಸುವ ಜಗಳಗಳು ನಡೆಯುತ್ತವೆ ಎಂಬುದು ನಿಜ. ಆದರೂ ಒಂದು ರಾತ್ರಿಗಾಗಿ ಎಲ್ಲವನ್ನೂ ಕಳೆದುಕೊಳ್ಳುವ ಭಯ ಅಲ್ಲಿಲ್ಲ.

ಗುರುಮಠದಲ್ಲಿ ನಮಗೆ ಅರಿಸ್ಟಾಟಲನ ನೀತಿಶಾಸ್ತ್ರವನ್ನು ಪಾಠ ಮಾಡುವಾಗ, ಹಂಚಿಕೆಯ ನ್ಯಾಯ ಎಂದರೆ ಎಲ್ಲರಿಗೂ ಸಮತುಂಡು ಎಂದಲ್ಲ, ಅರ್ಹತೆಗೆ ಅನುಪಾತವಾಗಿ ಎಂದು ಕಲಿಸುತ್ತಿದ್ದರು. ಬ್ರಿಟನ್ನಿನ ನ್ಯಾಯಾಲಯದ ತರ್ಕ ಒಂದು ಮನೆ ನಿಜಕ್ಕೂ ಮುಖ್ಯವಾಗಿರುವಾಗ ಸರಿಯಾದುದೇ. ಭತ್ಯೆ ಮಗುವಿನ ಅಗತ್ಯವನ್ನು ಹಿಂಬಾಲಿಸಬೇಕು, ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗಬೇಕು. ಆದರೆ ಡೇ ಕೇರ್‌ನ ಕ್ರೆಡಿಟ್ ಅಂಥ ಭತ್ಯೆಯಲ್ಲ. ಅದು ದುಡಿಯಲು ಹೋದವರು ಮಾಡಿದ ವೆಚ್ಚಕ್ಕೆ ಪ್ರತಿಯಾಗಿ ಕೊಡುವಂಥದು. ವೆಚ್ಚ ಮಾಡಿದವರು ಇಬ್ಬರಾದರೆ ಅರ್ಹರೂ ಇಬ್ಬರೇ. ಮಗುವನ್ನು ಹರಿದು ಹಂಚಲಾಗದು ಎಂಬುದು ಸೊಲೊಮೋನನ ಕಾಲದಿಂದ ಲೋಕಕ್ಕೆ ತಿಳಿದಿದೆ, ಹಣವನ್ನು ಹಂಚಬಹುದು. ಅಮೆರಿಕದ ನಿಯಮ ಹಣವನ್ನೇ ಮಗುವೆಂದು ಭ್ರಮಿಸಿದಂತಿದೆ. ಕಾಯ್ದೆಯ ಇಷ್ಟು ಪುಟಗಳನ್ನು ತಿದ್ದಿದವರು ಈ ಒಂದು ಸಾಲನ್ನೂ ತಿದ್ದಬಹುದಿತ್ತು ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯಕ್ಕೂ ಈ ಪ್ರಶ್ನೆ ಅಪರಿಚಿತವಲ್ಲ. ಕರ್ನಾಟಕ ಹೈಕೋರ್ಟ್ 2013ರ ಸೆಪ್ಟೆಂಬರಿನಲ್ಲಿ ನೀಡಿದ ಒಂದು ತೀರ್ಪಿನಲ್ಲಿ, ಮಗು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಬೇಕೆಂದೂ, ವಿದ್ಯಾಭ್ಯಾಸದ ಖರ್ಚನ್ನು ಇಬ್ಬರೂ ಸಮನಾಗಿ ಭರಿಸಬೇಕೆಂದೂ ಆದೇಶಿಸಿತು. ಭಾರತದ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು. ಕ್ರೈಸ್ತರ ಮಟ್ಟಿಗೆ 1869ರ ವಿಚ್ಛೇದನ ಕಾಯ್ದೆಯ 41ರಿಂದ 44ನೆಯ ಕಲಮುಗಳು ಮಕ್ಕಳ ಸುಪರ್ದಿಯನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿವೆ. ಡೇ ಕೇರ್‌ಗೆ ತೆರಿಗೆ ಕ್ರೆಡಿಟ್ ಎಂಬುದು ಮಾತ್ರ ನಮ್ಮಲ್ಲಿಲ್ಲ. ಇರುವುದು, ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಬೋಧನಾ ಶುಲ್ಕದ ಕಡಿತ. ಅದು ಕಟ್ಟಿದವರಿಗೆ ಸಲ್ಲುತ್ತದೆ. ತಂದೆ ಒಂದಿಷ್ಟು, ತಾಯಿ ಒಂದಿಷ್ಟು ಕಟ್ಟಿದರೆ ಇಬ್ಬರೂ ತಮ್ಮ ತಮ್ಮ ಭಾಗವನ್ನು ಕೇಳಬಹುದು. ಮಗು ಯಾರ ಮನೆಯಲ್ಲಿ ಮಲಗಿತೆಂದು ಇಲ್ಲಿ ಯಾರೂ ವಿಚಾರಿಸುವುದಿಲ್ಲ. ಸವಲತ್ತು ಸಣ್ಣದು, ತತ್ತ್ವ ನೇರವಾದುದು. ಆ ರೂಢಿಯಲ್ಲಿ ಬೆಳೆದ ನಮ್ಮವರು ಅಮೆರಿಕದಲ್ಲಿಯೂ ಶುಲ್ಕ ಕಟ್ಟಿದವನಿಗೇ ರಿಯಾಯಿತಿ ಎಂದು ಭಾವಿಸಿ ಎಡವಿದರೆ ಆಶ್ಚರ್ಯವಿಲ್ಲ.

ಆದ್ದರಿಂದ ಮಗಳೋ ಮಗನೋ ಅಲ್ಲಿಂದ ಕರೆ ಮಾಡಿ ದುಃಖ ತೋಡಿಕೊಂಡಾಗ ಇಲ್ಲಿಯ ಹಿರಿಯರು ಕೇಳಬಹುದಾದ ಉಪಯುಕ್ತ ಪ್ರಶ್ನೆಗಳು ಕೆಲವಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವಕೀಲರು ಎರಡು ಕ್ರೆಡಿಟ್‌ಗಳನ್ನು ಬೇರೆಬೇರೆಯಾಗಿ ಬರೆದಿದ್ದಾರೆಯೇ? ಡೇ ಕೇರ್‌ನ ಖಾತೆ ಯಾರ ಹೆಸರಿನಲ್ಲಿದೆ, ಹಣ ಯಾರ ಬ್ಯಾಂಕಿನಿಂದ ಹೋಗುತ್ತಿದೆ? ಮಗು ಎಲ್ಲಿ ಮಲಗಿತೆಂದು ಗೋಡೆಯ ಕ್ಯಾಲೆಂಡರಿನಲ್ಲಾದರೂ ಗುರುತು ಇದೆಯೇ? ಡಿಸೆಂಬರ್ 31ರ ರಾತ್ರಿಯನ್ನು ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಕ್ರೆಡಿಟ್ ತಾನಾಗಿಯೇ ಸರದಿಯಂತೆ ಬರುತ್ತದೆ. ಮಗು ಆ ರಾತ್ರಿ ನಿಜವಾಗಿ ಅಲ್ಲಿರಬೇಕು, ಅಷ್ಟೇ. ಹಾಗೆ ಮಾಡುವಾಗ ಶುಲ್ಕವನ್ನೂ ಆಯಾ ವರ್ಷದ ಸುಪರ್ದಿದಾರರ ಖಾತೆಯಿಂದಲೇ ಕಟ್ಟತಕ್ಕದ್ದು. ರಾತ್ರಿಗಳು ಹೆಚ್ಚಿದ್ದು, ಶುಲ್ಕವನ್ನೂ ತಾವೇ ಕಟ್ಟಿ, ನಿಯಮ ತಿಳಿಯದೆ ಫಾರ್ಮ್ 2441 ತುಂಬದೆ ಬಿಟ್ಟವರು ರಿಟರ್ನ್ ಸಲ್ಲಿಸಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ಅದನ್ನು ತಿದ್ದಿ ಸಲ್ಲಿಸಬಹುದು. ಡೇ ಕೇರ್‌ನವರಿಂದ ವರ್ಷದ ಒಟ್ಟು ಪಾವತಿಯ ಪತ್ರವೊಂದನ್ನು ಅವರು ಇಂದೇ ಕೇಳಿ ತರಿಸಿಕೊಳ್ಳಲಿ.